ಬೇಗ ತಣಿಸಿದರೆ ಒಂದು ಥರ, ನಿಧಾನ ತಣಿಸಿದರೆ ಇನ್ನೊಂದು ಥರ: ಸ್ಯಾಂಪಲ್ ಹಾಳಾಗಿದೆಯಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕೊಣಾಜೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನ್ನದು ಬ್ಲಾಕ್ ಕೋಪಾಲಿಮರ್, ಅಂದರೆ ಎರಡು ಬಗೆಯ ಪಾಲಿಮರ್ ಸರಪಳಿಗಳನ್ನು ತುದಿಯಲ್ಲಿ ಜೋಡಿಸಿದ್ದು. ಒಂದು ಭಾಗ ಪಾಲಿಸ್ಟೈರೀನ್, ಇನ್ನೊಂದು ದ್ರವಸ್ಫಟಿಕ (ದ್ರವದ ಹಾಗೆ ಹರಿದರೂ ಸಾಲಾಗಿ ನಿಲ್ಲುವ) ಗುಂಪುಗಳು ಜೋತುಬಿದ್ದ ಸರಪಳಿ. ಡಿಎಸ್‌ಸಿಯಲ್ಲಿ (ಕಾಯಿಸುವಾಗ, ತಣಿಸುವಾಗ ಸ್ಯಾಂಪಲ್‌ನ ಶಾಖ ಅಳೆಯುವ ಉಪಕರಣ) 100 ಡಿಗ್ರಿ ಹತ್ತಿರ ಒಂದು ಮೆಟ್ಟಿಲು, 118ರಲ್ಲಿ ಒಂದು ಶಿಖರ ಕಾಣುತ್ತದೆ. ನಿಧಾನ ತಣಿಸಿದರೆ ಎಕ್ಸ್-ರೇಯಲ್ಲಿ ಚೂಪಾದ ಶಿಖರಗಳು, ಬೇಗ ತಣಿಸಿದರೆ ಬರೀ ಮಸುಕು. ಸ್ಯಾಂಪಲ್ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ಈ ಎರಡು ಸರಪಳಿಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ಬಿಡಿಬಿಡಿಯಾಗಿದ್ದರೆ ಎಣ್ಣೆ ನೀರಿನ ಹಾಗೆ ಪೂರ್ತಿ ಬೇರೆಯಾಗುತ್ತಿದ್ದವು. ಆದರೆ ತುದಿಯಲ್ಲಿ ಬಂಧ ಇದೆ, ಕಂಬಳದ ಕೋಣಗಳಿಗೆ ನೊಗ ಕಟ್ಟಿದ ಹಾಗೆ. ದೂರ ಹೋಗಲು ಆಗುವುದಿಲ್ಲ. ಹಾಗಾಗಿ ಹತ್ತಾರು ನ್ಯಾನೋಮೀಟರ್ ಅಳತೆಯಲ್ಲೇ ಬೇರೆಯಾಗಿ ನಿಲ್ಲುತ್ತವೆ. ಯಾರ ಪಾಲು ಎಷ್ಟು ಎನ್ನುವುದರ ಮೇಲೆ ಗೋಲ, ಸಿಲಿಂಡರ್, ಗೈರಾಯ್ಡ್ (ಒಂದರೊಳಗೊಂದು ಹೆಣೆದ ಜಾಲ) ಅಥವಾ ಪದರ.

ನಿಮ್ಮ ಸ್ಯಾಂಪಲ್‌ನಲ್ಲಿ ಇದರ ಜೊತೆ ಇನ್ನೊಂದು ಸಾಲುಗಟ್ಟುವಿಕೆ ಇದೆ. 118ಕ್ಕಿಂತ ಕೆಳಗೆ ದ್ರವಸ್ಫಟಿಕ ಗುಂಪುಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ. 100ಕ್ಕೆ ಪಾಲಿಸ್ಟೈರೀನ್ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಏನೂ ಕದಲುವುದಿಲ್ಲ. ಅಂದರೆ ಇಬ್ಬರೂ ಹೊಂದಿಕೊಳ್ಳಲು ಇರುವುದು 18 ಡಿಗ್ರಿ ಮಾತ್ರ. ಬೇಗ ತಣಿಸಿದರೆ ಅದು ಕೆಲವೇ ಕ್ಷಣಗಳಲ್ಲಿ ದಾಟಿಹೋಗುತ್ತದೆ, ಸರಿಯಾಗಿ ಸಾಲುಗಟ್ಟಲು ಸಮಯ ಸಿಗದೆ ಎಕ್ಸ್-ರೇ ಮಸುಕಾಗುತ್ತದೆ. 130ಕ್ಕೆ ಕಾಯಿಸಿ, 112ರ ಆಸುಪಾಸಿನಲ್ಲಿ ವ್ಯಾಕ್ಯೂಮ್ ಓವನ್‌ನಲ್ಲಿ ಇಡೀ ರಾತ್ರಿ ಬಿಡಿ.

ಇನ್ನೊಂದು ಕೆಲಸ ಖಂಡಿತ ಮಾಡಿ. 130ರಲ್ಲೂ ಸಣ್ಣ ಕೋನದ ಎಕ್ಸ್-ರೇ (ಹತ್ತಾರು ನ್ಯಾನೋಮೀಟರ್ ಅಳತೆಯ ರಚನೆ ತೋರಿಸುವುದು) ತೆಗೆಯಿರಿ. ಅಲ್ಲೂ ಚೂಪಾದ ಶಿಖರ ಉಳಿದರೆ ಬ್ಲಾಕ್‌ಗಳು ತಾವಾಗಿಯೇ ಬೇರೆಯಾಗಿವೆ ಎಂದರ್ಥ. ಹೋಗಿಬಿಟ್ಟರೆ ಬೇರೆಯಾಗುವಂತೆ ಮಾಡುತ್ತಿರುವುದೇ ದ್ರವಸ್ಫಟಿಕದ ಸಾಲು ಇರಬಹುದು. ನನಗಂತೂ ಈ ವಿಷಯದಲ್ಲಿ ಎಲ್ಲಕ್ಕಿಂತ ಚಂದ ಅನ್ನಿಸುವ ಪ್ರಶ್ನೆ ಇದು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ದ್ರವಸ್ಫಟಿಕದ ಪಾಲು ಶೇ. 30 ಅಷ್ಟೆ. ಸಿಲಿಂಡರ್ ಬರಬೇಕಿತ್ತು ಅಲ್ವಾ? ಶಿಖರಗಳು 1, 2, 3ರ ಅನುಪಾತದಲ್ಲಿವೆ.

ಉತ್ತರ: ಅದು ಪದರದ ಗುರುತು. ಪಾತ್ರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಮೂಡೆಗಳ (ಎಲೆಯ ಕೊಳವೆಯಲ್ಲಿ ಬೇಯಿಸುವ ಕಡುಬು) ಹಾಗೆ ಸಿಲಿಂಡರ್‌ಗಳು ನಿಂತಿದ್ದರೆ ಎರಡನೇ ಶಿಖರ 1.73ರಲ್ಲಿ, ಅಂದರೆ 3ರ ವರ್ಗಮೂಲದಲ್ಲಿ ಬರಬೇಕಿತ್ತು. ನಿಮ್ಮದು ಸ್ಮೆಕ್ಟಿಕ್, ಅಂದರೆ ಗುಂಪುಗಳು ಪದರಪದರವಾಗಿ ನಿಲ್ಲುವ ದ್ರವಸ್ಫಟಿಕ, ಆಗಿದ್ದರೆ ಆಶ್ಚರ್ಯವಿಲ್ಲ. ಸ್ಮೆಕ್ಟಿಕ್ ಪದರಗಳಿಗೆ ಬಾಗುವುದು ಕಷ್ಟ, ಚಪ್ಪಟೆ ಗಡಿಯೇ ಹಿತ. ಅದಕ್ಕೇ ಮಾಮೂಲಿ ಬ್ಲಾಕ್ ಕೋಪಾಲಿಮರ್ ಸಿಲಿಂಡರ್ ಆಗುವ ಕಡೆಯಲ್ಲೂ ಇವು ಎಷ್ಟೋ ಸಲ ಪದರವಾಗುತ್ತವೆ. ಪೋಲರೈಸಿಂಗ್ ಮೈಕ್ರೋಸ್ಕೋಪ್‌ನಲ್ಲಿ ಹತ್ತಾರು ನ್ಯಾನೋಮೀಟರಿನ ಈ ಪದರ ಕಾಣುವುದಿಲ್ಲ, ಬೆಳಕಿನ ಅಲೆಯೇ 400 ನ್ಯಾನೋಮೀಟರ್‌ಗಿಂತ ಉದ್ದ. ಟಿಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ಸಿಕ್ಕರೆ 130ರ ಫಲಿತಾಂಶದ ಜೊತೆ ಇಲ್ಲೇ ಹಾಕಿ, ನೋಡುತ್ತೇನೆ.