ತವರಿನಲ್ಲೇ ಸ್ಪಿನ್‌ಗೆ ಸೋಲು: ತಪ್ಪು ಪಿಚ್ಚಿನದ್ದೋ ಬ್ಯಾಟಿಂಗಿನದ್ದೋ?

ಸಿಲ್ಲಿಪಾಯಿಂಟ್: ತವರಿನಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿದ್ದ ಭಾರತ 2024ರಲ್ಲಿ ನ್ಯೂಜಿಲೆಂಡ್‌ಗೆ 0-3, 2025ರಲ್ಲಿ ದಕ್ಷಿಣ ಆಫ್ರಿಕಾಗೆ 0-2 ಸೋತಿತು. ತಿರುಗುವ ಪಿಚ್ ನಮಗೇ ತಿರುಗುಬಾಣವಾಯ್ತಾ?

ಗಲ್ಲಿಕೀಪರ್: ನ್ಯೂಜಿಲೆಂಡ್ ಸರಣಿಯ ಮೊದಲ ಟೆಸ್ಟ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ನಾವು 46ಕ್ಕೆ ಆಲೌಟ್ ಆಗಿದ್ದನ್ನ ಪಕ್ಕಕ್ಕಿಡಿ. ಮೋಡ ಕವಿದಿದ್ದಾಗ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ್ರು, ಹತ್ತೂ ವಿಕೆಟ್ ವೇಗಿಗಳಿಗೆ ಹೋಯ್ತು. ಅಸಲಿ ರೋಗ ಕಂಡಿದ್ದು ಪುಣೆಯಲ್ಲಿ. ಅವರ ಸ್ಪಿನ್ನರ್ ಸ್ಯಾಂಟ್ನರ್‌ಗೆ 13 ವಿಕೆಟ್. ಸ್ಯಾಂಟ್ನರ್ ಏನು ಭಾರೀ ತಿರುಗಿಸುವವರಲ್ಲ, ಸ್ಟಂಪ್‌ಗೆ ನೇರ ಹಾಕ್ತಾ ವೇಗ ಬದಲಿಸಿದ್ರು, ಅಷ್ಟೇ. ಕೊಹ್ಲಿ ಬೋಲ್ಡ್ ಆಗಿದ್ದು ಫುಲ್‌ಟಾಸ್‌ಗೆ. ಅದಕ್ಕೆ ಯಾವ ಪಿಚ್ಚನ್ನ ಬೈಯೋದು!

ಲಾಂಗಾನ್_ಮಾವ: ಪಿಚ್ಚೂ ಸಾಚಾ ಅಲ್ಲ ಸರ್. ಮೊದಲ ದಿನವೇ ಒಡೆದರೆ ಒಂದು ಚೆಂಡು ತಿರುಗುತ್ತೆ, ಮುಂದಿನದ್ದು ನೇರ ನುಗ್ಗುತ್ತೆ, ಬೌಲರ್‌ಗೇ ಗೊತ್ತಿರಲ್ಲ. ಆಗ ಜಡೇಜಾಗೂ ಸಾಧಾರಣ ಸ್ಪಿನ್ನರ್‌ಗೂ ಅಂತರ ಉಳಿಯಲ್ಲ. ದಕ್ಷಿಣ ಆಫ್ರಿಕಾ ವಿರುದ್ಧ ಕೋಲ್ಕತ್ತಾದ ಈಡನ್‌ನಲ್ಲಿ 124ರ ಗುರಿ, ನಾವು 93ಕ್ಕೆ ಮುಗಿದ್ವಿ. ಅವರ ಸ್ಪಿನ್ನರ್ ಹಾರ್ಮರ್ ಪಂದ್ಯದಲ್ಲಿ 8 ವಿಕೆಟ್ ಕಿತ್ತರು.

ಗಲ್ಲಿಕೀಪರ್: ಅದೇ ಸರಣಿಯ ಗುವಾಹಟಿ ಟೆಸ್ಟ್‌ಗೆ ಏನಂತೀರಿ? ಅಲ್ಲಿ ಅವರು 489 ಹೊಡೆದ್ರು, ನಾವು 201 ಮತ್ತು 140. ಕಾಲೇ ಆಡಲ್ಲ ನಮ್ಮವರದ್ದು. ಪೂರ್ತಿ ಮುಂದೆ ಬಂದು ಚೆಂಡು ನೆಲಕ್ಕೆ ಬಿದ್ದಲ್ಲೇ ಆಡಬೇಕು, ಇಲ್ಲ ಪೂರ್ತಿ ಹಿಂದೆ ಹೋಗಿ ತಿರುವು ನೋಡಿ ಆಡಬೇಕು. ಕ್ರೀಸ್‌ನಲ್ಲಿ ಅರ್ಧಂಬರ್ಧ ನಿಂತು ಗಟ್ಟಿ ಕೈಯಲ್ಲಿ ತಳ್ಳಿದರೆ ಹತ್ತಿರ ನಿಂತ ಸ್ಲಿಪ್‌ಗೋ ಶಾರ್ಟ್‌ಲೆಗ್‌ಗೋ ಕ್ಯಾಚ್ ಹೋಗುತ್ತೆ.

ಸಿಲ್ಲಿಪಾಯಿಂಟ್: ಸ್ವೀಪ್, ಅಂದ್ರೆ ಮಂಡಿಯೂರಿ ಬ್ಯಾಟ್ ಅಡ್ಡ ಬೀಸೋದು, ಆಡಿದ್ರೆ?

ಲಾಂಗಾನ್_ಮಾವ: ಲೈನ್ ನೋಡಿ ಆಡಿ. ಪುಟಿತ ತಗ್ಗಿರೋ ಪಿಚ್‌ನಲ್ಲಿ ಸ್ಟಂಪ್ ನೇರದ ಚೆಂಡಿಗೆ ಸ್ವೀಪ್ ಹೊಡೆಯೋಕೆ ಹೋದರೆ ಎಲ್‌ಬಿಡಬ್ಲ್ಯು ಗ್ಯಾರಂಟಿ.