‘ಅನಾಥ ರೈಲು’ ಅನ್ನಬಹುದಾ? ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ‘ಆರ್ಫನ್ ಟ್ರೇನ್’ಗಳ (ನಗರದ ಬಡಮಕ್ಕಳನ್ನು ದೂರದ ಹಳ್ಳಿಯ ಮನೆಗಳಿಗೆ ಕರೆದೊಯ್ದ ರೈಲುಗಳ) ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ‘ಅನಾಥ ರೈಲು’ ಅಂತ ಬರೆದರೆ ಓದುವವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಆ ಅರ್ಥವೇ ತಪ್ಪು ಅನ್ನೋದು ನನ್ನ ತಕರಾರು.

ಸಂಗತಿ ಇಷ್ಟು. 1853ರಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿ ನ್ಯೂಯಾರ್ಕಿನಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಶುರುಮಾಡಿದರು. ಯುರೋಪಿನಿಂದ ವಲಸೆ ಬಂದ ಬಡವರಿಂದ ಊರು ತುಂಬಿತ್ತು. ಪೇಪರ್, ಬೆಂಕಿಕಡ್ಡಿ ಮಾರುತ್ತ ಎಷ್ಟೋ ಮಕ್ಕಳು ಬೀದಿಯಲ್ಲೇ ಮಲಗುತ್ತಿದ್ದರು. ಇವರನ್ನು ಆಶ್ರಮದಲ್ಲಿ ಕೂಡಿಹಾಕುವುದಕ್ಕಿಂತ ಹಳ್ಳಿಯ ರೈತರ ಮನೆಗೆ ಕಳಿಸುವುದೇ ಮೇಲು ಅಂತ ಬ್ರೇಸ್ ನಂಬಿದ್ದರು. 1854ರಲ್ಲಿ ಮೊದಲ ತಂಡ ಮಿಶಿಗನ್ನಿನ ಡೊವಾಜ್ಯಾಕ್ ಊರಿಗೆ ಹೋಯಿತು. 1929ರ ಹೊತ್ತಿಗೆ ಬೇರೆ ಬೇರೆ ಸಂಸ್ಥೆಗಳು ಸೇರಿ ಸುಮಾರು 2 ಲಕ್ಷ ಮಕ್ಕಳನ್ನು ಹೀಗೆ ಕಳಿಸಿದ್ದವು.

ಇವರಲ್ಲಿ ಎಷ್ಟೋ ಮಕ್ಕಳ ಅಪ್ಪನೋ ಅಮ್ಮನೋ ಬದುಕಿದ್ದರು. ಕೆಲವರಿಗೆ ಇಬ್ಬರೂ ಇದ್ದರು. ಸಾಕೋಕೆ ಆಗದೆ ಒಪ್ಪಿಸಿದ್ದರು, ಅಷ್ಟೇ. ಕನ್ನಡದಲ್ಲಿ ‘ಅನಾಥ’ ಅಂದ ಕೂಡಲೇ ಹೆತ್ತವರು ತೀರಿಹೋದರು ಅಂತಲೇ ಓದಿಕೊಳ್ಳುತ್ತೇವೆ, ಅಲ್ವಾ? ‘ತಬ್ಬಲಿ’ಯೂ ಅದೇ ಕಥೆ. ಬದುಕಿದ್ದ ತಾಯಂದಿರನ್ನು ಒಂದು ಪದದಿಂದ ಇಲ್ಲವಾಗಿಸಲು ನನಗೆ ಮನಸ್ಸಾಗುತ್ತಿಲ್ಲ. ‘ಆರ್ಫನ್ ಟ್ರೇನ್’ ಎಂಬ ಹೆಸರು ಜಾಸ್ತಿ ಬಳಕೆಗೆ ಬಂದದ್ದೂ ಆಮೇಲೆಯೇ. ಸೊಸೈಟಿಯವರು ಆಗ ಹೇಳುತ್ತಿದ್ದದ್ದು ‘ಪ್ಲೇಸಿಂಗ್ ಔಟ್’ ಅಂತ, ಅಂದರೆ ಮಕ್ಕಳನ್ನು ಬೇರೆಯವರ ಮನೆಯಲ್ಲಿ ಇರಿಸುವುದು. ನನಗೆ ಕನ್ನಡ ಬೇಕಾಗಿರುವುದು ಇದಕ್ಕೆ.

‘ದತ್ತು’ ಒಗ್ಗುವುದಿಲ್ಲ. ದತ್ತು ಅಂದರೆ ಮನೆತನದ ಹೆಸರು, ಆಸ್ತಿಯಲ್ಲಿ ಪಾಲು ಎಲ್ಲ ಬರುತ್ತದೆ. ಕೆಲವರಿಗೆ ಅದು ಸಿಕ್ಕಿತು, ಎಲ್ಲರಿಗೂ ಅಲ್ಲ. ನಡೆಯುತ್ತಿದ್ದದ್ದು ಹೀಗೆ: ಮಕ್ಕಳು ಬರುತ್ತಾರೆ ಅಂತ ಮೊದಲೇ ಊರಲ್ಲಿ ಪ್ರಕಟಣೆ ಅಂಟಿಸಿರುತ್ತಿದ್ದರು. ರೈಲು ಇಳಿದ ಮಕ್ಕಳನ್ನು ಚರ್ಚಿನಲ್ಲೋ ನಾಟಕಶಾಲೆಯ ವೇದಿಕೆ ಮೇಲೋ ಸಾಲಾಗಿ ನಿಲ್ಲಿಸುತ್ತಿದ್ದರು. ಕೆಲವು ರೈತರು ತೋಳು ಹಿಸುಕಿ, ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರಂತೆ. ಹಾಗೆ ನಿಂತಿದ್ದವರೇ ದೊಡ್ಡವರಾದ ಮೇಲೆ ಇದನ್ನು ನೆನೆದಿದ್ದಾರೆ. ಅಣ್ಣ ಒಂದು ಮನೆಗೆ, ತಂಗಿ ಇನ್ನೊಂದು ಮನೆಗೆ ಹೋದದ್ದೂ ಉಂಟು. ಯಾರೂ ಆರಿಸದ ಮಗು ಮತ್ತೆ ರೈಲು ಹತ್ತಿ ಮುಂದಿನ ಊರಿಗೆ ಹೋಗಬೇಕಿತ್ತು.

ಹಾಗಂತ ‘ಜೀತ’ ಅನ್ನೋಣವೇ? ಹಳಗನ್ನಡದಲ್ಲಿ ಜೀತ ಅಂದರೆ ಸಂಬಳ. ಈಗ ನಮಗೆ ಅದು ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುವುದು, 1976ರ ಕಾಯ್ದೆ ನಿಷೇಧಿಸಿದ್ದು. ಬ್ರೇಸ್ ಪದ್ಧತಿಯಲ್ಲಿ ಸಾಲವಿರಲಿಲ್ಲ. ಸರಿಹೋಗದಿದ್ದರೆ ಮಗು ಬಿಟ್ಟುಬರಬಹುದಿತ್ತು, ರೈತ ವಾಪಸ್ ಕಳಿಸಬಹುದಿತ್ತು. ಒಳ್ಳೆಯ ಮನೆಗಳೂ ಸಿಕ್ಕವು. 1859ರಲ್ಲಿ ಇಂಡಿಯಾನಾಕ್ಕೆ ಹೋದ ಹುಡುಗರಲ್ಲಿ ಆಂಡ್ರೂ ಬರ್ಕ್ ಮುಂದೆ ನಾರ್ತ್ ಡಕೋಟಾದ ಗವರ್ನರ್ ಆದರು, ಜಾನ್ ಬ್ರೇಡಿ ಅಲಾಸ್ಕಾದ ಗವರ್ನರ್ ಆದರು.

ಸ್ವಿಟ್ಜರ್ಲೆಂಡಿನ ‘ಫೆರ್ಡಿಂಗ್‌ಕಿಂಡರ್’ ಬಗ್ಗೆಯೂ ಅದೇ ಬರಹದಲ್ಲಿ ಒಂದು ಪ್ಯಾರಾ ಇದೆ. ಅಲ್ಲಿ ಬಡವರ ಮಕ್ಕಳನ್ನು ಕೆಲವು ಕಡೆ ಹರಾಜಿಗೇ ನಿಲ್ಲಿಸುತ್ತಿದ್ದರು. ಸಾಕಲು ಯಾರು ಕಡಿಮೆ ದುಡ್ಡು ಕೇಳುತ್ತಾರೋ ಮಗು ಅವರ ಪಾಲಿಗೆ. 2013ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೇಳಿತು. ಅವರನ್ನು ‘ಗುತ್ತಿಗೆ ಮಕ್ಕಳು’ ಅಂತ ಕರೆದಿದ್ದೇನೆ. ಅದು ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಅಮೆರಿಕದ ಮಕ್ಕಳದ್ದೇ ಸಮಸ್ಯೆ. ‘ಸಾಕುಮಕ್ಕಳು’ ಅಂದರೆ ಪ್ರೀತಿ ಇದ್ದೇ ಇತ್ತು ಅನ್ನುವ ಹಾಗಾಗುತ್ತದೆ. ‘ಹೊಟ್ಟೆಬಟ್ಟೆಗೆ ಇಟ್ಟುಕೊಳ್ಳುವುದು’ ವಾಸ್ತವಕ್ಕೆ ತುಂಬ ಹತ್ತಿರ, ಆದರೆ ಅದು ಇಟ್ಟುಕೊಂಡವರ ಕಡೆಯ ಮಾತು. ಕಳಿಸಿದವರ ಕಡೆಯಿಂದ ‘ಮನೆ ಸೇರಿಸುವುದು’ ಅನ್ನಬಹುದೇನೋ.

ಧಾರವಾಡದ ಕಡೆಯವರು ‘ಸಾಲಿಗೆ (ಶಾಲೆಗೆ) ಹಚ್ಚೋದು’, ‘ಕೆಲಸಕ್ಕೆ ಹಚ್ಚೋದು’ ಅಂತಾರಲ್ಲ, ಹಾಗೆಯೇ ‘ಮನೆಗೆ ಹಚ್ಚೋದು’ ಅಂದರೆ ನಿಮ್ಮ ಕಿವಿಗೆ ಸರಿ ಕೇಳಿಸುತ್ತದೆಯೇ? ಕರಾವಳಿ, ಮಲೆನಾಡು, ಹಳೇ ಮೈಸೂರಿನವರೂ ಹೇಳಿ: ಬೇರೆಯವರ ಮನೆಯಲ್ಲಿ ಉಂಡು, ಉಟ್ಟು, ಅಲ್ಲೇ ಕೆಲಸ ಮಾಡಿಕೊಂಡು ಬೆಳೆದ ಹುಡುಗನನ್ನು ನಿಮ್ಮ ಊರಲ್ಲಿ ಹಿರಿಯರು ಏನಂತ ಕರೆಯುತ್ತಿದ್ದರು?