ನಾಲ್ಕನೇ ಕ್ಲಾಸಿನ ಮಗಳನ್ನು ಕುಮಟಾಕ್ಕೆ ಸೇರಿಸಬೇಕಾ?

ಪ್ರಶ್ನೆ (ಒಬ್ಬ ತಾಯಿ, ಅಂಕೋಲಾ ತಾಲೂಕು):
ಅಕ್ಕೋರೇ, ನಮಸ್ಕಾರ. ನಮ್ಮೂರು ಘಟ್ಟದ ಬುಡದಲ್ಲಿದೆ. ಊರಿನ ಕನ್ನಡ ಶಾಲೆ ಐದನೇ ಕ್ಲಾಸಿನವರೆಗೆ. ಎಲ್ಲ ಸೇರಿ 14 ಮಕ್ಕಳು, ಮಾಸ್ತರು ಒಬ್ಬರೇ. ಅವರು ಒಳ್ಳೆಯವರು. ಆದರೆ ಮೀಟಿಂಗ್, ತರಬೇತಿ ಅಂತ ಹೋದ ದಿನ ಬಿಸಿಯೂಟದ ಅಕ್ಕನೇ ಮಕ್ಕಳನ್ನು ನೋಡಿಕೊಳ್ಳಬೇಕು. ನನ್ನ ಮಗಳು ಬರುವ ಜೂನ್‌ಗೆ ನಾಲ್ಕನೇ ಕ್ಲಾಸು. ಓದಿನಲ್ಲಿ ಚುರುಕಿದ್ದಾಳೆ. ಕುಮಟಾ ಪೇಟೆಯಲ್ಲಿ ರೂಮು ಮಾಡಿ ನಾನು ಅವಳ ಜೊತೆ ಇರುವುದು, ಇವರು ತೋಟ ನೋಡಿಕೊಳ್ಳುವುದು ಅಂತ ಮಾತಾಡಿಕೊಂಡಿದ್ದೇವೆ. ಈಗಲೇ ಹೋಗಬೇಕಾ? ಅಲ್ಲಿ ಖಾಸಗಿ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟು ಸಿಗುತ್ತದಾ?

ಉತ್ತರ (ನಿವೃತ್ತ ಮುಖ್ಯ ಶಿಕ್ಷಕಿ, ಶಿರಸಿ):
ತಂಗಿ, ಆರ್‌ಟಿಇ ಸೀಟಿನ ಆಸೆ ಬಿಟ್ಟುಬಿಡು. ಆ ಸೀಟು ಕೊಡುವುದು ಶಾಲೆಗೆ ಸೇರುವ ಮೊದಲ ತರಗತಿಯಲ್ಲಿ, ನಾಲ್ಕಕ್ಕೆ ಅಲ್ಲ. ಅದೂ ಅಲ್ಲದೆ 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ.

ಇನ್ನು ಪೇಟೆಗೆ ಹೋಗುವ ವಿಚಾರ. ಮಗಳು ಚುರುಕು ಅಂತೀಯಲ್ಲ, ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಬಗ್ಗೆ ಯೋಚಿಸಿದ್ದೀಯಾ? ನಮ್ಮ ಜಿಲ್ಲೆಯದು ಮುಂಡಗೋಡ ತಾಲೂಕಿನಲ್ಲಿದೆ. ಆರನೇ ತರಗತಿಗೆ ಪರೀಕ್ಷೆ ಬರೆಸಿ ತೆಗೆದುಕೊಳ್ಳುತ್ತಾರೆ. ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಕಡಿಮೆಯೆಂದರೂ 75% ಸೀಟು ಹಳ್ಳಿ ಮಕ್ಕಳಿಗೆ. ಆದರೆ ಹಳ್ಳಿಯವರು ಅಂತ ಲೆಕ್ಕಕ್ಕೆ ಬರಲು ಮೂರು, ನಾಲ್ಕು, ಐದನೇ ಕ್ಲಾಸು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದು ದಿನ ಪೇಟೆ ಶಾಲೆಯಲ್ಲಿ ಕೂತರೂ ಪೇಟೆಯ ಅಭ್ಯರ್ಥಿ ಆಗಿಬಿಡುತ್ತಾಳೆ. ಒಳ್ಳೆಯದಾಗಲಿ ಅಂತ ನಾಲ್ಕನೇ ಕ್ಲಾಸಿಗೆ ಪೇಟೆಗೆ ಒಯ್ದು ಆ ದಾರಿ ಮುಚ್ಚಿಕೊಂಡ ಮನೆಗಳನ್ನು ನೋಡಿದ್ದೇನೆ. ತಿಳಿಸುವವರೇ ಇರಲಿಲ್ಲ ಅವರಿಗೆ. ಅದು ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ನವೋದಯ ಆಗದಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಅವೂ ಆರನೇ ತರಗತಿಯಿಂದಲೇ. ಹಾಗಾಗಿ ಐದು ಮುಗಿದ ಮೇಲೆ ಊರು ಬಿಡುವುದು ನನಗೆ ಸರಿ ಕಾಣುತ್ತದೆ. ಹೇಗೂ ನಿಮ್ಮ ಶಾಲೆ ಅಲ್ಲಿಗೇ ಮುಗಿಯುತ್ತದಲ್ಲ.

ಆದರೆ ಈ ಎರಡು ವರ್ಷ ಸುಮ್ನೆ ಕಳೆಯಬಾರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. 14 ಮಕ್ಕಳಿದ್ದರೂ ಇಬ್ಬರು ಬೇಕೇ ಬೇಕು. ಅದನ್ನು ಯಾರೂ ದಯೆಯಿಂದ ಕೊಡಬೇಕಾಗಿಲ್ಲ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಹೆಚ್ಚಿನವರು ಪಾಲಕರೇ, ಅಲ್ವಾ? ಸಭೆ ಕರೆಸಿ. ಮಾಸ್ತರು ಇಲ್ಲದ ದಿನಗಳನ್ನು ತಾರೀಖು ಸಮೇತ ಬರೆದಿಟ್ಟು, ಇನ್ನೊಬ್ಬ ಶಿಕ್ಷಕರು ಬೇಕು, ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನಾದರೂ ಕೊಡಿ ಅಂತ ಠರಾವು ಮಾಡಿ. ಅಂಕೋಲೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ ಮಾತಿಗೆ ದಾಖಲೆ ಇರುವುದಿಲ್ಲ. ಮಾಸ್ತರ ಮೇಲಿನ ದೂರು ಇದಲ್ಲ ಅಂತ ಅವರಿಗೂ ಮೊದಲೇ ತಿಳಿಸಿ. ಒಬ್ಬರೇ ಐದು ಕ್ಲಾಸು ತೂಗಿಸುವ ಕಷ್ಟ ನನಗೆ ಗೊತ್ತು.

ಮರುಪ್ರಶ್ನೆ (ಒಬ್ಬ ತಂದೆ, ಸಿದ್ದಾಪುರ):
ಅಕ್ಕೋರೇ, ಎಲ್ಲ ಮಕ್ಕಳೂ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ನನ್ನ ಮಗನಿಗೆ ಗಣಿತ ಕಷ್ಟ, ಈಗ ಐದನೇ ಕ್ಲಾಸು. ಶಿರಸಿಯ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಅಂತಿದ್ದೇನೆ. ಒಂದು ಶಾಲೆಯವರು ಇಂಟರ್‌ವ್ಯೂ ಮಾಡುತ್ತೇವೆ, ಡೊನೇಷನ್ ಬೇರೆ ಅಂದರು.

ಉತ್ತರ:
ತಮ್ಮ, ಎಂಟನೇ ತರಗತಿಯವರೆಗೆ ಸೇರಿಸಿಕೊಳ್ಳಲು ಮಗುವಿಗೋ ಪಾಲಕರಿಗೋ ಇಂಟರ್‌ವ್ಯೂ ಮಾಡುವುದು, ಡೊನೇಷನ್ ಕೇಳುವುದು ಎರಡೂ ಕಾಯ್ದೆಗೆ ವಿರುದ್ಧ. ಬರವಣಿಗೆಯಲ್ಲಿ ಕೊಡಿ ಅಂತ ಕೇಳು.

ಗಣಿತವೇ ಕಷ್ಟ ಇರುವ ಹುಡುಗನಿಗೆ ಆರನೇ ಕ್ಲಾಸಿನಲ್ಲಿ ಏಕಾಏಕಿ ಭಾಷೆಯನ್ನೂ ಬದಲಿಸಿದರೆ ಹೊರೆ ಜಾಸ್ತಿ. ಮೊದಲು ಹತ್ತಿರದ ಸರ್ಕಾರಿ ಕರ್ನಾಟಕ ಪಬ್ಲಿಕ್ ಶಾಲೆಯನ್ನೋ ದೊಡ್ಡ ಹಿರಿಯ ಪ್ರಾಥಮಿಕ ಶಾಲೆಯನ್ನೋ ನೋಡಿಕೊಂಡು ಬಾ. ಕಟ್ಟಡ ನೋಡಬೇಡ. ಗಣಿತಕ್ಕೆ ಬೇರೆ ಶಿಕ್ಷಕರಿದ್ದಾರಾ ಕೇಳು. ಆರನೇ ಕ್ಲಾಸಿನ ಮಕ್ಕಳ ಗಣಿತದ ನೋಟ್‌ಬುಕ್ ತೆರೆದು ನೋಡು, ತಪ್ಪನ್ನು ತಿದ್ದಿ ಮತ್ತೆ ಮಾಡಿಸಿದ್ದಾರಾ ಅಂತ. ಮಳೆಗಾಲದಲ್ಲಿ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನೂ ಅಲ್ಲಿನ ಪಾಲಕರ ಹತ್ತಿರ ವಿಚಾರಿಸು.

ಪ್ರಶ್ನೆ ಕೇಳಿದ ತಾಯಿ:
ನವೋದಯದ ಆ ನಿಯಮ ಗೊತ್ತೇ ಇರಲಿಲ್ಲ ಅಕ್ಕೋರೇ. ಎಷ್ಟು ಸಲ ಬರೆಯಬಹುದು?

ಉತ್ತರ:
ಒಂದೇ ಸಲ, ಐದನೇ ಕ್ಲಾಸಿನಲ್ಲಿ ಇರುವಾಗ. 80 ಪ್ರಶ್ನೆ, ಎರಡು ತಾಸು. ಬುದ್ಧಿಶಕ್ತಿಯ ಪ್ರಶ್ನೆಗಳೇ ಅರ್ಧ, ಉಳಿದದ್ದು ಗಣಿತ ಮತ್ತು ಭಾಷೆ. ನಾಲ್ಕನೇ ಕ್ಲಾಸಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸು. ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತವಾ ಅಂತ ಮಾಸ್ತರನ್ನು ಕೇಳಿ ನೋಡು.